ಅರೆತಲೆನೋವು: ಕಾರಣ ಬೇರೆ, ನೆಪ ಬೇರೆ

ತಲೆಯುಳ್ಳವರಿಗೆಲ್ಲ ಎಂದಾದರೊಂದು ದಿನ ತಲೆನೋವು ಬಂದೇ ಬರುತ್ತದೆ. ಆದರೆ ಬಹುವಾಗಿ ಒಂದೇ ಪಾರ್ಶ್ವದಲ್ಲಿ ಸುತ್ತಿಗೆಯಿಂದ ಬಡಿದಂತೆ ಮಿಡಿಯುತ್ತ, ಓಕರಿಕೆ ತರಿಸುತ್ತ, ಬೆಳಕನ್ನೂ ಸದ್ದನ್ನೂ ಸಹಿಸಗೊಡದೆ, ನಾಲ್ಕು ಗಂಟೆಯಿಂದ ಮೂರು ದಿನಗಳವರೆಗೆ ಕಾಡುವ ನೋವು ಬೇರೆಯೇ ಜಾತಿಯದು. ಇದನ್ನು ನಮ್ಮ ಹಿರಿಯರು ಅರೆತಲೆನೋವು ಎಂದರು. ಸುಶ್ರುತ ಸಂಹಿತೆಯಲ್ಲಿ ಅರ್ಧಾವಭೇದಕವೆಂಬ ಹೆಸರುಂಟು. ಇಂದಿನ ವೈದ್ಯರು ಮೈಗ್ರೇನ್ ಎನ್ನುತ್ತಾರೆ. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಮಿಂಚಿನ ಗೆರೆಗಳು ಕಾಣಿಸುವುದೂ ಉಂಟು.

ಇದೇನೂ ಅಪರೂಪದ ಬೇನೆಯಲ್ಲ. ಬೆಂಗಳೂರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ 2,329 ಮಂದಿಯನ್ನು ಮನೆಮನೆಗೆ ಹೋಗಿ ವಿಚಾರಿಸಿ, ನಿಮ್ಹಾನ್ಸ್ ಸಂಸ್ಥೆಯ ತಜ್ಞರು 2015ರಲ್ಲಿ ಪ್ರಕಟಿಸಿದ ವರದಿಯಂತೆ, ವರ್ಷವೊಂದರಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ಈ ನೋವು ಬಂದಿತ್ತು. ಹೆಂಗಸರಲ್ಲಿ ಇನ್ನೂ ಹೆಚ್ಚು. ಹೀಗಿದ್ದೂ, ಬಾಗಿಲು ಮುಚ್ಚಿ ಕತ್ತಲೆಯಲ್ಲಿ ಮಲಗಿದ ಗೃಹಿಣಿಗೆ “ಕೆಲಸ ತಪ್ಪಿಸಲು ಒಂದು ನೆಪ” ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ತಪ್ಪಿಲ್ಲ.

ನೆಪ ಯಾವುದು, ಕಾರಣ ಯಾವುದು ಎಂಬುದನ್ನು ನಾವು ತಿಳಿಯಬೇಕಾದದ್ದು ಇಲ್ಲಿಯೇ. ಕಾರಣ ಇರುವುದು ಮಿದುಳಿನಲ್ಲಿ. ಅದು ಬಹುಮಟ್ಟಿಗೆ ವಂಶದಿಂದ ಬಂದದ್ದು. ಇಂಥ ಮಿದುಳು ಸಣ್ಣ ಬದಲಾವಣೆಗೂ ಬೇಗ ಕೆರಳುತ್ತದೆ. ಆಗ ಮುಖ ಮತ್ತು ತಲೆಯ ನೋವನ್ನು ಒಯ್ಯುವ ನರದ ತುದಿಗಳಿಂದ ಸಿ.ಜಿ.ಆರ್.ಪಿ. ಎಂಬ ದ್ರವ್ಯ ಒಸರಿ ನೋವನ್ನು ಹೆಚ್ಚಿಸುತ್ತದೆ. ಪಿತ್ತದ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ. ಉಳಿದುವೆಲ್ಲ ಕಿಡಿಗಳು, ಒಳಗೆ ಮದ್ದು ಇದ್ದವರಲ್ಲಿ ಮಾತ್ರ ಸಿಡಿಯುತ್ತವೆ.

ಕಿದ್ವಾಯಿ ನಗರದ ನಮಗೆ ಕಿಡಿಗಳ ಬಡತನವಿಲ್ಲ. ಮೇ-ಜೂನ್ ತಿಂಗಳ ಲೂ ಗಾಳಿಯಲ್ಲಿ ಸರೋಜಿನಿ ನಗರದ ಮಾರುಕಟ್ಟೆಗೆ ಹೋಗಿಬರುವುದು, ರಿಂಗ್ ರಸ್ತೆಯ ಹಾರನ್ನುಗಳು, ಏಕಾದಶಿಯ ಉಪವಾಸ, ಊರಿನ ರೈಲಿನಲ್ಲಿ ನಿದ್ದೆಗೇಡು, ಊದುಬತ್ತಿಯ ಘಾಟು, ಹೊತ್ತಿಗೆ ಸರಿಯಾಗಿ ಸಿಗದ ಕಾಫಿ, ಹೆಂಗಸರಿಗೆ ಮುಟ್ಟಿನ ದಿನಗಳು. ತಲೆಗೆ ನೀರು ಹಾಕಿಕೊಂಡರೆ ನೋವು ಬರುತ್ತದೆಂಬ ದೂರೂ ಹುಸಿಯಲ್ಲ. ಮುಂಬಯಿಯ ವೈದ್ಯರಾದ ಕೆ. ರವಿಶಂಕರ್ ಅವರು ಇಂಥ 94 ರೋಗಿಗಳ ವಿವರವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಒಂದು ಕಿಡಿಯಿಂದ ಏನೂ ಆಗದಿರಬಹುದು. ಉಪವಾಸವೂ ಬಿಸಿಲೂ ಒಂದೇ ದಿನ ಕೂಡಿದರೆ ತಪ್ಪಿಸಿಕೊಳ್ಳುವುದು ಕಷ್ಟ.

ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆದೀತು. ಆದ್ದರಿಂದ ಎಲ್ಲವನ್ನೂ ವರ್ಜಿಸುವುದಕ್ಕಿಂತ ಲೆಕ್ಕ ಇಡುವುದು ಲೇಸು. ಕಡತ ಬರೆಯುವುದೇ ಕಸುಬಾದ ನಮ್ಮಂಥವರಿಗೆ ಇದೇನು ದೊಡ್ಡದು? ನೋವು ಬಂದ ದಿನ, ಹಿಂದಿನ ರಾತ್ರಿಯ ನಿದ್ದೆ, ಊಟದ ಹೊತ್ತು, ನುಂಗಿದ ಗುಳಿಗೆ, ಇಷ್ಟನ್ನು ಎರಡು-ಮೂರು ತಿಂಗಳು ಬರೆದಿಟ್ಟರೆ ನಮ್ಮ ಕಿಡಿ ಯಾವುದೆಂದು ತಿಳಿದುಬರುತ್ತದೆ.

ಗುಳಿಗೆಯ ಲೆಕ್ಕ ಅತಿಮುಖ್ಯ. ಸಾಮಾನ್ಯ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನ, ಹಲವು ಔಷಧಿ ಬೆರೆಸಿದ್ದನ್ನು 10 ದಿನ, ಹೀಗೆ ತಿಂಗಳುಗಟ್ಟಲೆ ನುಂಗಿದರೆ ಗುಳಿಗೆಯೇ ತಲೆನೋವು ತರುತ್ತದೆ. ಪದೇ ಪದೇ ಬರುವ ನೋವನ್ನು ಮುಂಚಿತವಾಗಿ ತಡೆಯುವ ಔಷಧಿಗಳು ವೈದ್ಯರಲ್ಲಿವೆ. ಹಠಾತ್ತನೆ ಎರಗಿದ ಘೋರ ನೋವು, ಜ್ವರದೊಡನೆ ಕತ್ತಿನ ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೆ ಮನೆಮದ್ದು ಮಾಡುತ್ತ ಕೂರಬಾರದು. ಏಮ್ಸ್, ಸಫ್ದರ್‌ಜಂಗ್ ಎರಡೂ ನಮ್ಮ ಮಗ್ಗುಲಲ್ಲೇ ಇವೆ. ಐವತ್ತು ದಾಟಿದ ಮೇಲೆ ಮೊದಲಸಲ ಬಂದ ತಲೆನೋವನ್ನೂ ವೈದ್ಯರಿಗೆ ತೋರಿಸಬೇಕು.

ಉಳಿದ ದಿನಗಳಲ್ಲಿ ಮನೆಯವರು ಮಾಡಬೇಕಾದದ್ದು ಸ್ವಲ್ಪವೇ: ಪರದೆ ಎಳೆದು, ಟಿ.ವಿ. ಸದ್ದು ತಗ್ಗಿಸಿ, ಆ ಹೊತ್ತಿನ ಅನ್ನ ಸಾರನ್ನು ತಾವೇ ಮಾಡಿಕೊಂಡರಾಯಿತು.