ತೋಳಕ್ಕೂ ಕುರಿಗಾಹಿಗೂ ಬೇಕಾಗಿರೋದು ಒಂದೇ ಗಾಯರಾಣ

ಕುರಿ ಹಿಂಡಿನ ಮೇಲೆ ದಾಳಿ ಆದಾಗಲೆಲ್ಲ ‘ಊರಿಗೆ ನುಗ್ಗಿದ ತೋಳ’ ಅಂತ ಸುದ್ದಿ ಬರುತ್ತೆ. ನಿಜ ಹೇಳಬೇಕಂದ್ರೆ, ಇಲ್ಲಿಗೆ ಹೊರಗಿನಿಂದ ಬಂದದ್ದು ಕುರಿ. ಅದರ ಕಾಡು ಪೂರ್ವಜರು ಪಶ್ಚಿಮ ಏಷ್ಯಾದ ಬೆಟ್ಟಗಳಲ್ಲಿದ್ದವು. ಸುಮಾರು 10 ಸಾವಿರ ವರ್ಷಗಳ ಹಿಂದೆ ಪಳಗಿದ ಕುರಿ, ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ಕಾಲಕ್ಕೆ, ಅಂದರೆ ಕನಿಷ್ಠ 4 ಸಾವಿರ ವರ್ಷಗಳ ಹಿಂದೆ, ದಖ್ಖನ್ ತಲುಪಿತ್ತು. ತೋಳ ಅದಕ್ಕೂ ಮೊದಲಿಂದ ಇಲ್ಲಿಯದೇ.

ಕಿತ್ತೂರಿನ ಪಶ್ಚಿಮಕ್ಕೆ ಕಾಡಿದೆ, ಅಲ್ಲಿ ಕುರಿಗೆ ಚಿರತೆಯ ಭಯ. ಬೈಲಹೊಂಗಲ ದಾಟಿ ಸವದತ್ತಿ, ರಾಮದುರ್ಗದ ಕಡೆ ನಡೆದರೆ ಎರಿ ಹೊಲ, ಕುರುಚಲು ಗುಡ್ಡ. ಇದು ತೋಳ ಬಾಳುವಂಥ ನೆಲ. ಕೃಷ್ಣಮೃಗ, ಮೊಲ ಅದರ ಸಹಜ ಬೇಟೆ. ಬಯಲು ಹುಲ್ಲುಗಾವಲು ಉಳುಮೆಗೆ, ಕಬ್ಬಿಗೆ ಹೋದಂತೆ ಆ ಬೇಟೆಯೂ ಕಡಿಮೆಯಾಯ್ತು. ಉಳಿದದ್ದು ಕುರಿ. ರಾಜ್ಯದಲ್ಲಿ 2019ರ ಗಣತಿ ಪ್ರಕಾರ ಕುರಿಗಳೇ 1.1 ಕೋಟಿ.

ಹಾಗಂತ ಕುರಿಗಾಹಿಯ ನಷ್ಟ ಸಣ್ಣದಲ್ಲ. ರಾತ್ರಿ ಹೊಲದಲ್ಲಿ ಕುರಿ ತರುಬಿದಾಗ ಬಲೆ, ನಾಯಿ, ಎಚ್ಚರ ಇಷ್ಟೇ ಅವನ ಕಾವಲು. ಪರಿಹಾರ ಬೇಕಂದ್ರೆ ಪಂಚನಾಮೆ ಆಗಬೇಕು, ಪಶುವೈದ್ಯರು ಬರಬೇಕು. ತೋಳ ಮರಿಯನ್ನೇ ಹೊತ್ತೊಯ್ದರೆ ತೋರಿಸೋಕೆ ಕಳೇಬರ ಎಲ್ಲಿ? ಮರುದಿನ ಹಿಂಡು ಮುಂದಿನ ಊರಿಗೆ ಹೊರಟಿರುತ್ತೆ. ತೋಳ ಕೊಂದರೆ ಮಾತ್ರ ಕಾನೂನು ತಕ್ಷಣ ಎದುರಾಗುತ್ತೆ: ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದ, ಕನಿಷ್ಠ 3 ವರ್ಷ ಜೈಲು.

2022ರಲ್ಲಿ ಪ್ರಕಟವಾದ ಅಂದಾಜಿನಂತೆ ದೇಶದಲ್ಲಿರೋದು ಸುಮಾರು 3,100 ತೋಳ, ಹುಲಿಗಿಂತ ಕಡಿಮೆ. ಬಹುಪಾಲು ಅಭಯಾರಣ್ಯದ ಹೊರಗೇ ಬದುಕುತ್ತವೆ. 1974ರಲ್ಲಿ ಮೇಲುಕೋಟೆಯಲ್ಲಿ ಮಾಡಿದಂತೆ ಒಂದು ಅಭಯಾರಣ್ಯ ಘೋಷಿಸಿದರೆ ರಾಮದುರ್ಗದ ತೋಳ ಉಳಿಯಲ್ಲ. ಅದನ್ನು ಉಳಿಸಬಲ್ಲದ್ದು ಗಾಯರಾಣ. ಕುರಿಗಾಹಿಯ ಹೊಟ್ಟೆಪಾಡೂ ಅದೇ ನೆಲದ ಮೇಲಿದೆ.

ಅದಕ್ಕೇ ನನ್ನ ಮಟ್ಟಿಗೆ ಇದು ಪ್ರಾಣಿಪ್ರೀತಿಯ ವಿಷಯ ಅಲ್ಲ, ಭೂಮಿಯ ರಾಜಕಾರಣ. ಸರ್ಕಾರ ಗಾಯರಾಣವನ್ನು ‘ಖಾಲಿ ಜಾಗ’ ಅಂತ ಎಣಿಸೋದು ನಿಲ್ಲಿಸಬೇಕು. ಪರಿಹಾರ ಅಲೆಮಾರಿ ಹಿಂಡಿನ ಹಿಂದೆಯೇ ಹೋಗಬೇಕು. ಮುಂದಿನ ಗ್ರಾಮಸಭೆಯಲ್ಲಿ ನೀವೇ ಎದ್ದು ಕೇಳಿ: ನಮ್ಮೂರ ಗಾಯರಾಣ ಎಷ್ಟು ಎಕರೆ ಇತ್ತು, ಈಗ ಎಷ್ಟು ಉಳಿದಿದೆ, ಉಳಿದದ್ದು ಯಾರ ಕೈಲಿದೆ?