ಹದವನ್ನು ಫೋಲ್ಡರಿನಲ್ಲಿ ಇಡಬಹುದೇ?

ನಿಮ್ಮಲ್ಲಿ ಕೆಲವರು ಈ ಬೇಸಿಗೆಯಲ್ಲಿ ಮೊದಲ ಇಂಟರ್ನ್‌ಶಿಪ್‌ಗೆ ಹೊರಟಿದ್ದೀರಿ. ಇನ್ನು ಕೆಲವರು ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆಗಿದೆ. ಆಫೀಸಿನ ಮೊದಲ ದಿನ ಏನಾಗುತ್ತದೆ ಅಂತ ನಿಮಗೇ ಗೊತ್ತು. ಒಂದು ಲ್ಯಾಪ್‌ಟಾಪ್, ಒಂದು ಬ್ಯಾಡ್ಜ್, ಜೊತೆಗೆ ಒಂದು ಲಿಂಕ್. "ಎಲ್ಲಾ ವಿಕಿಯಲ್ಲಿದೆ, ಓದಿಕೊಂಡುಬಿಡಿ" ಅನ್ನುತ್ತಾರೆ. ಎರಡು ದಿನ ಓದುತ್ತೀರಿ, ತಲೆ ತುಂಬುತ್ತದೆ, ಕೆಲಸ ಮಾತ್ರ ಶುರುವಾಗುವುದಿಲ್ಲ. ಕೊನೆಗೆ ಪಕ್ಕದ ಮೇಜಿನವರನ್ನು ಕೇಳಿದರೆ, "ಓ ಅದಾ? ಆ ಪುಟ ಹಳೇದು, ಇಲ್ಲಿ ನೋಡು" ಎಂದು ಐದು ನಿಮಿಷದಲ್ಲಿ ತೋರಿಸಿಬಿಡುತ್ತಾರೆ.

ಆ ಐದು ನಿಮಿಷದಲ್ಲಿ ನಿಮಗೆ ಸಿಕ್ಕಿದ್ದೇನು, ಅದು ವಿಕಿಯಲ್ಲಿ ಯಾಕಿರಲಿಲ್ಲ? ಇದೇ ಪ್ರಶ್ನೆಯ ಸುತ್ತ ಒಂದು ದೊಡ್ಡ ವಿದ್ಯೆಯೇ ಬೆಳೆದಿದೆ. ಅದಕ್ಕೆ ನಾಲೆಡ್ಜ್ ಮ್ಯಾನೇಜ್‌ಮೆಂಟ್ ಎಂದು ಹೆಸರು, ಕನ್ನಡದಲ್ಲಿ ಜ್ಞಾನ ನಿರ್ವಹಣೆ. ಹೆಸರು ಕೇಳಿದರೆ ಆಕಳಿಕೆ ಬರುತ್ತದೆ, ಒಪ್ಪುತ್ತೇನೆ. ಆದರೆ ವಿಷಯ ಸರಳ. ಒಂದು ಸಂಸ್ಥೆಯಲ್ಲಿ ಯಾರಿಗೆ ಏನು ಗೊತ್ತು, ಅದು ಬೇಕಾದವರಿಗೆ ಬೇಕಾದ ಹೊತ್ತಿಗೆ ಹೇಗೆ ತಲುಪಬೇಕು, ಗೊತ್ತಿದ್ದವರು ಬಿಟ್ಟುಹೋದ ಮೇಲೂ ಹೇಗೆ ಉಳಿಯಬೇಕು ಎಂದು ಯೋಚಿಸುವುದು, ಅಷ್ಟೇ.

ನಾನು ಕನ್ನಡ ಎಂ.ಎ. ಓದಿದವಳು, ಮ್ಯಾನೇಜ್‌ಮೆಂಟ್ ಓದಿದವಳಲ್ಲ. ಆದರೂ ಈ ವಿದ್ಯೆಗೆ ಬೇಕಾದ ಮುಖ್ಯ ಪದ ನಮ್ಮ ಅಡುಗೆಮನೆಯಲ್ಲೇ ಇದೆ ಅನ್ನಿಸುತ್ತದೆ. ಆ ಪದ 'ಹದ'. ನಿಮ್ಮ ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಹೋಳಿಗೆಯ ಕಣಕ ಹೇಗೆ ಕಲಸಬೇಕು ಅಂತ ಕೇಳಿ ನೋಡಿ. ಎಷ್ಟು ಮೈದಾ, ಎಷ್ಟು ಎಣ್ಣೆ ಎಲ್ಲ ಹೇಳುತ್ತಾರೆ. ನೀರು ಎಷ್ಟು ಎಂದರೆ, "ಹದ ನೋಡಿಕೊಂಡು ಹಾಕು ಪುಟ್ಟಾ" ಅನ್ನುತ್ತಾರೆ. ಅವರು ಗುಟ್ಟು ಮುಚ್ಚಿಡುತ್ತಿಲ್ಲ. ಅವರ ಬೆರಳಿಗೆ ಗೊತ್ತು, ಬಾಯಿಗೆ ಬರುವುದಿಲ್ಲ. ಹಳಗನ್ನಡದಲ್ಲಿ 'ಪದ' ಎಂದಿದ್ದದ್ದೇ, ಪಾಲು ಹಾಲಾದಂತೆ, ಹೊಸಗನ್ನಡದಲ್ಲಿ ಹದವಾಯಿತು. ಮಣ್ಣಿಗೆ ಹದ, ಚರ್ಮಕ್ಕೆ ಹದ, ಸಕ್ಕರೆ ಪಾಕಕ್ಕೆ ಹದ. ಎಲ್ಲವೂ ಮಾಡಿ ಮಾಡಿ ತಿಳಿಯುವಂಥವು.

ಹಂಗೆರಿಯಲ್ಲಿ ಹುಟ್ಟಿ, ರಸಾಯನ ವಿಜ್ಞಾನಿಯಾಗಿ, ಆಮೇಲೆ ತತ್ತ್ವಶಾಸ್ತ್ರದ ಕಡೆ ತಿರುಗಿದ ಮೈಕೇಲ್ ಪೋಲಾನ್ಯಿ ಎಂಬವರು 1966ರ ಒಂದು ಪುಸ್ತಕದಲ್ಲಿ ಇದನ್ನೇ ವಿವರಿಸಿದರು. ನಮಗೆ ಗೊತ್ತಿರುವುದರಲ್ಲಿ ಒಂದು ಭಾಗ ಮಾತಿಗೆ ಸಿಗುವುದೇ ಇಲ್ಲ ಎಂಬುದು ಅವರ ವಾದ. ಇದನ್ನು ಟ್ಯಾಸಿಟ್ ನಾಲೆಡ್ಜ್ ಅನ್ನುತ್ತಾರೆ. ನಾನು ಹದ ಎಂದೇ ಕರೆಯುತ್ತೇನೆ.

ಕಣಕ ಎಂದಾಗ ಜಪಾನಿನ ಒಂದು ಕಥೆ ನೆನಪಾಗುತ್ತದೆ. ಇಕುಜಿರೊ ನೊನಾಕಾ ಎಂಬ ಪ್ರಾಧ್ಯಾಪಕರು ಇದನ್ನು ಜಗತ್ತಿಗೆಲ್ಲ ಪರಿಚಯಿಸಿದರು. 1980ರ ದಶಕದಲ್ಲಿ, ಈಗ ಪ್ಯಾನಸಾನಿಕ್ ಎಂದು ಕರೆಯುವ ಮಾತ್ಸುಶಿತಾ ಕಂಪನಿ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರ ತಯಾರಿಸಲು ಹೊರಟಿತು. ಬ್ರೆಡ್ಡಿನ ಹೊರಗೆ ಸುಟ್ಟರೆ ಒಳಗೆ ಹಸಿ. ಕೈಯಲ್ಲಿ ನಾದಿದ ಹಿಟ್ಟಿನ ಎಕ್ಸ್‌ರೇ, ಯಂತ್ರ ನಾದಿದ ಹಿಟ್ಟಿನ ಎಕ್ಸ್‌ರೇ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೂ ದಾರಿ ಸಿಗಲಿಲ್ಲ. ಆಗ ತಂಡದಲ್ಲಿದ್ದ ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ಡೆವಲಪರ್ ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಬ್ರೆಡ್ ಮಾಡುವವರ ಕೈಕೆಳಗೆ ಶಿಷ್ಯೆಯಾಗಿ ನಿಂತರು. ಆ ಹೋಟೆಲಿನ ಬ್ರೆಡ್ ಊರಿಗೇ ಹೆಸರಾಗಿತ್ತು. ಆಕೆ ಪ್ರಶ್ನಾವಳಿ ಕಳಿಸಲಿಲ್ಲ, ಮೀಟಿಂಗ್ ಕರೆಯಲಿಲ್ಲ, ತಾನೂ ಹಿಟ್ಟಿಗೆ ಕೈ ಹಾಕಿದರು. ಆ ಬೇಕರ್ ಹಿಟ್ಟನ್ನು ಬರೀ ಎಳೆಯುತ್ತಿರಲಿಲ್ಲ, ಎಳೆಯುತ್ತಾ ತಿರುಚುತ್ತಿದ್ದರು. ಅದನ್ನು ಎಂಜಿನಿಯರುಗಳಿಗೆ ತಿಳಿಸಿ ಹೇಳಿ, ಪಾತ್ರೆಯ ಒಳಗೋಡೆಗೆ ಉಬ್ಬುಪಟ್ಟಿಗಳನ್ನು ಕೂಡಿಸಿ, ಮತ್ತೆ ಮತ್ತೆ ತಿದ್ದಿ, ಯಂತ್ರ 1987ರಲ್ಲಿ ಮಾರುಕಟ್ಟೆಗೆ ಬಂತು. ಚೆನ್ನಾಗಿ ಮಾರಾಟವಾಯಿತು.

ಇಷ್ಟು ಸಲೀಸಲ್ಲ ಎಂದು ತಕರಾರು ತೆಗೆದ ವಿದ್ವಾಂಸರೂ ಇದ್ದಾರೆ. ಯಂತ್ರ ಬೇಕರ್‌ನ ಜ್ಞಾನವನ್ನೆಲ್ಲ ನುಂಗಲಿಲ್ಲ, ಒಂದು ಚಲನೆಯನ್ನು ಅನುಕರಿಸಿತು, ಉಳಿದದ್ದನ್ನು ಅಳೆದು ಸುರಿಯುವ ಮನೆಯವರೇ ಮಾಡುತ್ತಾರೆ ಎನ್ನುತ್ತಾರೆ ಅವರು. ನನಗೆ ಅವರ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ. ಆದರೂ ತನಾಕಾ ಅವರು ಹಿಟ್ಟಿಗೆ ಕೈ ಹಾಕದಿದ್ದರೆ ಆ ಒಂದು ಚಲನೆಯೂ ಸಿಗುತ್ತಿರಲಿಲ್ಲ.

ಈಗ ಅಮೆರಿಕಕ್ಕೆ ಬರೋಣ. ಜೆರಾಕ್ಸ್ ಕಂಪನಿಯ ಯಂತ್ರಗಳನ್ನು ರಿಪೇರಿ ಮಾಡುವವರ ಜೊತೆ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞರು 1980ರ ದಶಕದಲ್ಲಿ ಓಡಾಡಿದರು. ಕಂಪನಿ ರಿಪೇರಿಗೆಂದೇ ದಪ್ಪದ ಕೈಪಿಡಿ ಕೊಟ್ಟಿತ್ತು. ಈ ಎರರ್ ಕೋಡ್ ಬಂದರೆ ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದದ್ದು. ಯಂತ್ರಗಳಿಗೆ ಮಾತ್ರ ಆ ಪುಸ್ತಕ ಗೊತ್ತಿರಲಿಲ್ಲ, ಅವು ತಮ್ಮಿಷ್ಟದಂತೆ ಕೆಡುತ್ತಿದ್ದವು. ಹಾಗಾದರೆ ರಿಪೇರಿಯವರು ಕಲಿಯುತ್ತಿದ್ದದ್ದು ಎಲ್ಲಿ? ತಿಂಡಿಯ ಹೊತ್ತಿನಲ್ಲಿ, ಕಾಫಿ ಕುಡಿಯುತ್ತಾ, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಕಥೆಗಳಲ್ಲಿ. "ಮೊನ್ನೆ ಆ ಆಫೀಸಿನ ಯಂತ್ರ ಏನು ಕಾಡಿತು ಗೊತ್ತಾ?" ಎಂದು ಒಬ್ಬ ಶುರು ಮಾಡಿದರೆ, ಇನ್ನೊಬ್ಬ ತನ್ನದನ್ನು ಸೇರಿಸುತ್ತಿದ್ದ. ಹೊರಗಿನಿಂದ ನೋಡುವ ಮ್ಯಾನೇಜರಿಗೆ ಇದು ಹರಟೆ. ಓರ್ ಅವರಿಗೆ ಇದೇ ನಿಜವಾದ ಪಾಠಶಾಲೆಯಾಗಿ ಕಂಡಿತು. 1996ರಲ್ಲಿ ಈ ಬಗ್ಗೆ ಅವರದೊಂದು ಪುಸ್ತಕ ಬಂತು.

1990ರ ದಶಕದಲ್ಲಿ ಕಂಪನಿ ಈ ಮಾತುಕತೆಗೇ ಒಂದು ವ್ಯವಸ್ಥೆ ಮಾಡಿತು. ಯುರೇಕಾ ಎಂದು ಅದರ ಹೆಸರು, ಮೊದಲು ಶುರುವಾದದ್ದು ಫ್ರಾನ್ಸಿನಲ್ಲಿ. ರಿಪೇರಿಯವರು ತಾವು ಕಂಡುಕೊಂಡ ಉಪಾಯವನ್ನು ಬರೆದು ಕಳಿಸುವುದು, ಅನುಭವವಿದ್ದ ಇತರ ರಿಪೇರಿಯವರೇ ಅದನ್ನು ಪರೀಕ್ಷಿಸಿ ಒಪ್ಪುವುದು, ಆಮೇಲೆ ಎಲ್ಲರಿಗೂ ಸಿಗುವಂತೆ ಇಡುವುದು. ಉಪಾಯ ಕೊಟ್ಟವರಿಗೆ ದುಡ್ಡು ಕೊಡೋಣವೇ ಎಂಬ ಪ್ರಶ್ನೆ ಬಂದಾಗ ರಿಪೇರಿಯವರೇ ಬೇಡವೆಂದರು. ಬದಲಿಗೆ ಉಪಾಯದ ಜೊತೆಗೆ ಕೊಟ್ಟವರ ಹೆಸರಿರಲಿ ಎಂದರು. ಹಾಡು ಹಾಡಿದವರ ಹೆಸರು ರೇಡಿಯೋದಲ್ಲಿ ಹೇಳದಿದ್ದರೆ ನಮಗೆ ಹೇಗನ್ನಿಸುತ್ತದೆ? ಹಾಗೇ ಇದೂ.

ದುಡ್ಡಿನ ದಾರಿ ಹಿಡಿದರೆ ಏನಾಗಬಹುದು ಎನ್ನುವುದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ನಿಮ್ಮ ಅಪ್ಪ ಅಮ್ಮಂದಿರಲ್ಲಿ ಕೆಲವರು ಇದನ್ನು ಕಣ್ಣಾರೆ ಕಂಡಿರಲೂಬಹುದು. ಇನ್ಫೋಸಿಸ್‌ನಲ್ಲಿ ಕೆ-ಶಾಪ್ ಎಂಬ ಒಳಜಾಲವಿತ್ತು. ಉದ್ಯೋಗಿಗಳು ತಮ್ಮ ಅನುಭವವನ್ನು ಬರೆದು ಅಲ್ಲಿಗೆ ಹಾಕಬೇಕು. ಎಲ್ಲರಿಗೂ ಪ್ರಾಜೆಕ್ಟಿನ ಗಡಿಬಿಡಿ, ಬರೆಯುವವರು ಕಡಿಮೆ. ಆಗ 2000ದ ದಶಕದ ಆರಂಭದಲ್ಲಿ ಜ್ಞಾನದ ನಾಣ್ಯದಂಥ ಅಂಕಗಳನ್ನು ತಂದರು. ಬರೆದರೆ ಅಂಕ, ಅಂಕ ಸೇರಿದರೆ ಬಹುಮಾನ. ಬರಹಗಳ ಮಹಾಪೂರವೇ ಹರಿಯಿತು! ಆದರೆ ಅಷ್ಟೊಂದರಲ್ಲಿ ಉಪಯೋಗಕ್ಕೆ ಬರುವುದನ್ನು ಹುಡುಕುವುದೇ ಒಂದು ಕೆಲಸವಾಯಿತು. ಸಂಖ್ಯೆ ಮುಂದಾಗಿ ಗುಣ ಹಿಂದಾಯಿತು. ಕಂಪನಿ ಇದನ್ನು ಗಮನಿಸಿ ಲೆಕ್ಕ ಹಾಕುವ ಕ್ರಮವನ್ನೇ ತಿದ್ದಿತು, ಬರೆದದ್ದು ನಿಜಕ್ಕೂ ಯಾರಿಗಾದರೂ ಉಪಯೋಗವಾಯಿತೇ ಎಂಬುದಕ್ಕೆ ತೂಕ ಕೊಟ್ಟಿತು. ಆದ್ದರಿಂದ ಇದನ್ನು ಸೋಲಿನ ಕಥೆ ಎಂದು ನಾನು ಹೇಳುವುದಿಲ್ಲ. ಅದೇ ಕಂಪನಿ ಇದಕ್ಕೂ ಮೊದಲು ಯಾರಿಗೆ ಯಾವ ವಿಷಯ ಗೊತ್ತು ಎಂಬುದರ ಒಂದು ಪಟ್ಟಿ ಮಾಡಿತ್ತು. ನನ್ನನ್ನು ಕೇಳಿದರೆ, ಸಾವಿರ ಪುಟದ ವಿಕಿಗಿಂತ ಅಂಥ ಒಂದು ಪಟ್ಟಿ ಮೇಲು.

ಇದೆಲ್ಲ ಸಣ್ಣಪುಟ್ಟ ತೊಂದರೆ, ಕೇಳಿದರೆ ಆಯಿತು ಎಂದುಕೊಳ್ಳಬೇಡಿ. ಕೇಳಲು ಜನರೇ ಇಲ್ಲದಿದ್ದರೆ? ಟೆನೆಸಿ ರಾಜ್ಯದ ಓಕ್ ರಿಡ್ಜ್‌ನಲ್ಲಿರುವ ಸರಕಾರಿ ಸ್ಥಾವರದಲ್ಲಿ 1989ರವರೆಗೆ ಫಾಗ್‌ಬ್ಯಾಂಕ್ ಎಂಬ ಒಂದು ವಸ್ತು ತಯಾರಾಗುತ್ತಿತ್ತು. ಜಲಾಂತರ್ಗಾಮಿಗಳಿಂದ ಹಾರಿಸುವ ಕ್ಷಿಪಣಿಯ ಅಣು ಸಿಡಿತಲೆಗೆ ಬೇಕಾದ ಗುಟ್ಟಿನ ವಸ್ತು ಅದು. (ಸಿಡಿತಲೆಗಳ ಮೇಲೆ ನನಗೇನೂ ಪ್ರೀತಿಯಿಲ್ಲ. ಆದರೆ ಮರೆವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.) ಬೇಕಾದಷ್ಟು ಮಾಡಿಯಾಯಿತು, ಘಟಕ ಮುಚ್ಚಿತು. 2000ದ ನಂತರ ಹಳೆಯ ಸಿಡಿತಲೆಗಳನ್ನು ನವೀಕರಿಸಲು ಹೊರಟಾಗ ಆ ವಸ್ತು ಮತ್ತೆ ಬೇಕಾಯಿತು. ಆದರೆ ಅದನ್ನು ಮಾಡುವುದು ಹೇಗೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬರೆದಿಟ್ಟದ್ದು ಕಡಿಮೆ, ಮಾಡಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ನಿವೃತ್ತರಾಗಿದ್ದರು ಇಲ್ಲವೇ ಕೆಲಸ ಬಿಟ್ಟಿದ್ದರು. 2009ರಲ್ಲಿ ಅಮೆರಿಕ ಸರಕಾರದ ಲೆಕ್ಕತಪಾಸಣೆ ಕಚೇರಿಯೇ ಇದನ್ನು ತನ್ನ ವರದಿಯಲ್ಲಿ ಬರೆಯಿತು. ಈ ಒಂದು ತೊಡಕು ಬಿಡಿಸಲು ಖರ್ಚಾದದ್ದು ಸುಮಾರು 69 ಮಿಲಿಯನ್ ಡಾಲರ್.

ಕಥೆಯ ಸ್ವಾರಸ್ಯ ಇನ್ನೂ ಮುಂದಿದೆ. ಹೊಸ ಘಟಕ ಕಟ್ಟಿದರು, ಸಿಕ್ಕ ದಾಖಲೆಗಳಂತೆಯೇ ಮಾಡಿದರು, ಆದರೂ ವಸ್ತು ಮೊದಲಿನಂತೆ ಬರಲಿಲ್ಲ. ಕೊನೆಗೆ ತಿಳಿದದ್ದು ಇದು. ಹಿಂದೆ ಬಳಸುತ್ತಿದ್ದ ಕಚ್ಚಾ ಪದಾರ್ಥದಲ್ಲಿ ಒಂದು ಕಲ್ಮಶ ಸೇರಿರುತ್ತಿತ್ತು. ವಸ್ತು ಸರಿಯಾಗಿ ಬರಲು ಆ ಕಲ್ಮಶ ಬೇಕೇ ಬೇಕಿತ್ತು. ಹೊಸ ವಿಧಾನದ ಶುದ್ಧೀಕರಣ ಅದನ್ನು ಚೊಕ್ಕಟವಾಗಿ ತೆಗೆದುಹಾಕುತ್ತಿತ್ತು! ಅದು ಬೇಕು ಎಂಬುದು ಹಳಬರಿಗೂ ತಿಳಿದಿರಲಿಲ್ಲ. ತಮಗೆ ಗೊತ್ತಿಲ್ಲದೆಯೇ ಅವರು ಸರಿಯಾಗಿ ಮಾಡುತ್ತಿದ್ದರು. ಅಜ್ಜಿಯ ಹಳೆಯ ಕಬ್ಬಿಣದ ಕಾವಲಿ ಬಿಟ್ಟು ಹೊಸ ನಾನ್‌ಸ್ಟಿಕ್‌ನಲ್ಲಿ ದೋಸೆ ಹುಯ್ದು, ಹಿಟ್ಟು ಅದೇ, ರುಚಿ ಯಾಕೆ ಬೇರೆ ಎಂದು ತಲೆ ಕೆರೆದುಕೊಂಡ ಹಾಗೆ.

ಈಗ ಎಐ ಇದೆಯಲ್ಲ ಆಂಟಿ, ಎಲ್ಲ ದಾಖಲೆಗಳನ್ನೂ ಅದಕ್ಕೆ ಓದಿಸಿದರೆ ಆಯಿತು ಅನ್ನುತ್ತೀರಿ. ಹುಡುಕುವ ಕೆಲಸ ಹಗುರವಾಗುತ್ತದೆ, ನಿಜ. ಆದರೆ ಯಾರೂ ಬರೆಯದೇ ಇದ್ದದ್ದನ್ನು ಅದು ಎಲ್ಲಿಂದ ಓದೀತು?

ನಮ್ಮ ಕನ್ನಡ ಕೂಟಗಳನ್ನೇ ನೋಡಿ. ಅವೂ ಸಂಸ್ಥೆಗಳೇ, ಸಂಬಳವಿಲ್ಲ ಅಷ್ಟೇ. ಒಂದೆರಡು ವರ್ಷಕ್ಕೊಮ್ಮೆ ಸಮಿತಿ ಬದಲಾಗುತ್ತದೆ. ನಾನು ಸ್ವಯಂಸೇವೆ ಮಾಡಿದ ಒಂದು ಕಡೆ ಹಳೆಯ ಸಮಿತಿ ಹೊಸಬರಿಗೆ ಗೂಗಲ್ ಡ್ರೈವ್ ಒಪ್ಪಿಸಿ ಕೈ ತೊಳೆದುಕೊಂಡಿತು. ಬಜೆಟ್, ಸದಸ್ಯರ ಪಟ್ಟಿ, ಊಟದ ಬಿಲ್ಲು, ಎಲ್ಲ ಅಚ್ಚುಕಟ್ಟು. ಆ ವರ್ಷದ ಯುಗಾದಿಯಂದು ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ ಮಂಗಳಾರತಿ ಎತ್ತಿದ ಕೂಡಲೇ ಸ್ಮೋಕ್ ಅಲಾರಂ ಕಿರುಚಿತು. ರೇಷ್ಮೆ ಸೀರೆ ಉಟ್ಟವರು, ಕುಣಿತಕ್ಕೆ ಬಣ್ಣ ಹಚ್ಚಿಕೊಂಡ ಮಕ್ಕಳು, ಎಲ್ಲರೂ ಪಾರ್ಕಿಂಗ್ ಲಾಟಿನಲ್ಲಿ ಅರ್ಧ ಗಂಟೆ. ಹಿಂದಿನ ಹತ್ತು ವರ್ಷ ಹೀಗಾಗಿರಲಿಲ್ಲ. ಯಾಕೆಂದರೆ ಹಿರಿಯರೊಬ್ಬರು ಪ್ರತಿ ಸಲ ಮುಂಚಿನ ದಿನವೇ ಶಾಲೆಯ ಮೇಲ್ವಿಚಾರಕರಿಗೆ ಫೋನ್ ಮಾಡಿ, ದೀಪ ಹಚ್ಚಲು ಒಪ್ಪಿಗೆ ಪಡೆದು, ಎಲ್ಲಿ ನಿಂತು ಆರತಿ ಎತ್ತಬಹುದು ಎಂದು ಕೇಳಿಕೊಂಡು ಬರುತ್ತಿದ್ದರು. ಅದನ್ನು ಅವರು ಒಂದು 'ಕೆಲಸ' ಎಂದು ಎಂದೂ ಎಣಿಸಿರಲಿಲ್ಲ. ಎಣಿಸದ್ದನ್ನು ಬರೆಯುವುದು ಹೇಗೆ? ಆ ವರ್ಷ ಅವರು ಮಗಳ ಊರಿಗೆ ಹೋಗಿ ನೆಲೆಸಿದ್ದರು.

ಇಂಥದ್ದಕ್ಕೆ ನನಗೆ ಇಷ್ಟವಾದ ಉಪಾಯ ಅಮೆರಿಕದ ಸೇನೆಯದು. ಕ್ಯಾಲಿಫೋರ್ನಿಯಾದ ಫೋರ್ಟ್ ಇರ್ವಿನ್‌ನಂಥ ತರಬೇತಿ ಕೇಂದ್ರಗಳಲ್ಲಿ ಕವಾಯತು ಮುಗಿದ ಕೂಡಲೇ ತಂಡ ಒಟ್ಟಿಗೆ ಕೂತು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತದೆ. ಏನಾಗಬೇಕು ಎಂದುಕೊಂಡಿದ್ದೆವು? ನಿಜಕ್ಕೂ ಏನಾಯಿತು? ಯಾಕೆ ಹಾಗಾಯಿತು? ಮುಂದಿನ ಸಲ ಏನು ಉಳಿಸಿಕೊಳ್ಳಬೇಕು, ಏನು ಬದಲಿಸಬೇಕು? ಇದನ್ನು ಆಫ್ಟರ್ ಆಕ್ಷನ್ ರಿವ್ಯೂ ಎನ್ನುತ್ತಾರೆ. ಅಲ್ಲಿ ಪದವಿ ಲೆಕ್ಕಕ್ಕಿಲ್ಲ, ಸಾಮಾನ್ಯ ಸೈನಿಕನೂ ಅಧಿಕಾರಿಯ ಎದುರು ಕಂಡದ್ದನ್ನು ಹೇಳಬಹುದು. ತಪ್ಪು ಯಾರದು ಎಂದು ಬೆರಳು ತೋರಿಸುವ ಸಭೆಯಲ್ಲ. ನಮ್ಮಲ್ಲಿ ಇದು ಸ್ವಲ್ಪ ಕಷ್ಟ, ಗೊತ್ತು. ಹದಿನೇಳರ ಹುಡುಗಿ "ಅಂಕಲ್, ಸೌಂಡ್ ಚೆಕ್ ತಡವಾಗಿದ್ದೇ ತೊಂದರೆಯಾಯ್ತು" ಎಂದರೆ ಅಂಕಲ್ ಮುಖ ಕೆಂಪಾಗುತ್ತದೆ. ಆದರೂ ಊಟದ ತಟ್ಟೆ ಕೈಯಲ್ಲಿರುವಾಗಲೇ, ನೆನಪು ಹಸಿಯಾಗಿರುವಾಗಲೇ, ಹದಿನೈದು ನಿಮಿಷ ಕೂತರೆ ಸಾಕು. ಮಾರನೆಯ ತಿಂಗಳ ಜೂಮ್ ಮೀಟಿಂಗಿನ ಹೊತ್ತಿಗೆ ಎಲ್ಲರಿಗೂ ಎಲ್ಲವೂ ಚೆನ್ನಾಗಿಯೇ ಆಗಿತ್ತು ಅನ್ನಿಸತೊಡಗಿರುತ್ತದೆ.

ಇನ್ನೊಂದು ಉಪಾಯ ನಿಮ್ಮ ಕೈಯಲ್ಲೇ ಇದೆ. ಆಫೀಸಾಗಲಿ ಕೂಟವಾಗಲಿ, ಅನುಭವಸ್ಥರನ್ನು "ಇದನ್ನು ಹೇಗೆ ಮಾಡುತ್ತೀರಿ?" ಎಂದು ಕೇಳಬೇಡಿ. ಹಾಗೆ ಕೇಳಿದರೆ ಕೈಪಿಡಿಯಲ್ಲಿರುವುದನ್ನೇ ಒಪ್ಪಿಸುತ್ತಾರೆ. "ಹಿಂದೆ ಒಂದು ಸಲ ಕೆಟ್ಟುಹೋಗಿತ್ತಲ್ಲ, ಆಗ ಮೊದಲು ಏನು ನೋಡಿದಿರಿ? ಯಾರಿಗೆ ಫೋನ್ ಮಾಡಿದಿರಿ? ನಾನು ಹೊಸಬಳು, ಎಲ್ಲಿ ಎಡವಬಹುದು?" ಎಂದು ಕೇಳಿ. ಕಥೆ ಶುರುವಾಗುತ್ತದೆ. ಆಗ ಅಡ್ಡ ಬಾಯಿ ಹಾಕದೆ ಕೇಳಿಸಿಕೊಳ್ಳಿ, ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆಮೇಲೆ ಎರಡು ಸಾಲಿನಲ್ಲಿ ಬರೆದು ಕೆಳಗೆ ಅವರ ಹೆಸರನ್ನೂ ಹಾಕಿ. ಸಾಧ್ಯವಾದರೆ ಮುಂದಿನ ಸಲ ಆ ಕೆಲಸಕ್ಕೆ ಅವರ ಜೊತೆಯೇ ಹೋಗಿ. ರಾಜ್ಯೋತ್ಸವಕ್ಕೆ ಇನ್ನೂ ಕೆಲವು ತಿಂಗಳಿದೆ, ಹಾಲ್ ಬುಕಿಂಗ್ ಮಾಡುವವರ ಕಾರಿನಲ್ಲಿ ಒಂದು ಸೀಟು ಖಾಲಿ ಇದ್ದೇ ಇರುತ್ತದೆ.