ನಿಮಗಿದು ಗೊತ್ತೆ? ಪಕ್ಷಾಂತರಕ್ಕೆ ರಾಜೀನಾಮೆಯ ದಾರಿ

ಚುನಾಯಿತ ಪ್ರತಿನಿಧಿಯು ತಾನು ಗೆದ್ದ ಪಕ್ಷವನ್ನು ಅವಧಿಯ ನಡುವೆಯೇ ತೊರೆದು ಬೇರೊಂದು ಪಕ್ಷ ಸೇರುವುದೇ ಪಕ್ಷಾಂತರ. ಸಚಿವ ಸ್ಥಾನದ ಆಕಾಂಕ್ಷೆ, ಮುಂದಿನ ಚುನಾವಣೆಯ ಟಿಕೆಟ್ಟಿನ ಚಿಂತೆ, ನಾಯಕರೊಡನೆ ಭಿನ್ನಮತ ಹಾಗೂ ಕ್ಷೇತ್ರಕ್ಕೆ ಅನುದಾನ ತರಲು ಆಳುವ ಪಕ್ಷದ ಆಸರೆ ಬೇಕೆಂಬ ಲೆಕ್ಕಾಚಾರ ಇದರ ಹಿಂದಿನ ಪ್ರಮುಖ ಕಾರಣಗಳು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯು, ಸ್ವಇಚ್ಛೆಯಿಂದ ಪಕ್ಷದ ಸದಸ್ಯತ್ವ ತ್ಯಜಿಸಿದವರನ್ನೂ ವಿಪ್, ಅಂದರೆ ಸದನದ ಮತದಾನ ಕುರಿತ ಪಕ್ಷದ ಆದೇಶ, ಉಲ್ಲಂಘಿಸಿದವರನ್ನೂ ಅನರ್ಹಗೊಳಿಸಲು ಅವಕಾಶ ನೀಡುತ್ತದೆ. ಮೂರನೆಯ ಒಂದರಷ್ಟು ಸದಸ್ಯರು ಒಡೆದು ಹೊರಬಂದರೆ ದೊರೆಯುತ್ತಿದ್ದ ರಕ್ಷಣೆಯನ್ನು 2003ರ 91ನೆಯ ತಿದ್ದುಪಡಿ ತೆಗೆದುಹಾಕಿತಾದರೂ, ಮೂರನೆಯ ಎರಡರಷ್ಟು ಸದಸ್ಯರು ಒಪ್ಪಿದ ವಿಲೀನಕ್ಕೆ ವಿನಾಯಿತಿ ಉಳಿಯಿತು.

ಶಾಸಕರು ರಾಜೀನಾಮೆ ನೀಡಿದರೆ ಸದನದ ಬಲ ಕುಗ್ಗಿ ಬಹುಮತಕ್ಕೆ ಬೇಕಾದ ಸಂಖ್ಯೆಯೂ ಇಳಿಯುವುದರಿಂದ, ಈ ಅನುಸೂಚಿಯ ನಿಯಮಗಳಿಂದ ನುಣುಚಿಕೊಳ್ಳಲು ಈ ದಾರಿ ಹಿಡಿಯಲಾಗುತ್ತದೆ. ಕರ್ನಾಟಕದಲ್ಲಿ 2019ರ ಜುಲೈನಲ್ಲಿ ಮೈತ್ರಿ ಸರ್ಕಾರ 99–105 ಮತಗಳಿಂದ ವಿಶ್ವಾಸಮತ ಕಳೆದುಕೊಂಡ ಬಳಿಕ ವಿಧಾನಸಭಾಧ್ಯಕ್ಷರು, ರಾಜೀನಾಮೆ ನೀಡಿದ್ದವರೂ ಸೇರಿದಂತೆ 17 ಶಾಸಕರನ್ನು ಅನರ್ಹಗೊಳಿಸಿದರು. ರಾಜೀನಾಮೆಯಿಂದ ಅನರ್ಹತೆ ತಪ್ಪದೆಂದ ಸುಪ್ರೀಂ ಕೋರ್ಟ್, ಮರುಸ್ಪರ್ಧೆಗೆ ಮಾತ್ರ ಅವಕಾಶ ನೀಡಿತು. ಡಿಸೆಂಬರ್ ಉಪಚುನಾವಣೆಯಲ್ಲಿ ಮತ್ತೆ ಗೆದ್ದವರ ಪೈಕಿ 10 ಮಂದಿ 2020ರ ಫೆಬ್ರುವರಿಯಲ್ಲಿ ಸಚಿವರಾದರು.